ಒಲೆ ಮುಟ್ಟುವ ಮುಂಚೆ

ಕುವೈತಿನಿಂದ ಬಂದ ಮರುದಿನ ಬೆಳಗ್ಗೆ ವಿಜಯಲಕ್ಷ್ಮಿ ಎಲ್ಲರಿಗಿಂತ ಮೊದಲು ಎದ್ದಳು. ಮುಖ ತೊಳೆದು ಅಡುಗೆಮನೆಗೆ ಹೋಗಿ ಗ್ಯಾಸ್ ಹಚ್ಚಲು ಲೈಟರ್ ಹುಡುಕಿದಳು. ಮೊದಲು ಅದು ಕಿಟಕಿಯ ಸರಳಿಗೆ ತೂಗಾಡುತ್ತಿತ್ತು. ಈಗ ಅಲ್ಲಿ ಇಕ್ಕಳ ಇತ್ತು. ಡಬ್ಬಿಗಳ ಹಿಂದೆ ಕೈಯಾಡಿಸುತ್ತಿದ್ದಾಗ ಅತ್ತೆ ಗುರುಬಸಮ್ಮ ಬಂದು ಬಾಗಿಲಲ್ಲಿ ನಿಂತಳು.

“ಇವತ್ತು ಬ್ಯಾಡ.”

“ಯಾಕ್ರಿ ಅತ್ತಿ? ಚಾ ಇಡ್ತೀನಿ.”

“ಕೊಳ್ಳಾಗ ಲಿಂಗ ಇಲ್ಲ. ಅಯ್ಯನೋರು ಬರ್ಲಿ. ಕಟ್ಟಿದ ಮ್ಯಾಲೆ ಒಲಿ ಮುಟ್ಟುವಂತಿ.”

“ನಂದು ನಿಮ್ಮ ಹತ್ರಾನೇ ಐತಲ್ಲ. ಕೊಡ್ರಿ, ಜಳಕ ಮಾಡಿ ಕಟ್ಕಂತೀನಿ.”

“ಆರು ವರ್ಷ ಅಲ್ಲಿ ಏನೇನು ಬೇಯ್ಸಿ? ಕುರಿ, ಕೋಳಿ, ಮೀನು. ಹಂಗೇ ಕಟ್ಕಂಡ್ರ ನಡೀತೈತೇನು?”

“ಬೇಯ್ಸೀನಿ. ತಿಂದಿಲ್ಲ.”

“ತಿಂದಿದ್ರ ನಿನ್ನ ಹೊಸ್ತಿಲು ದಾಟಸ್ತಿದ್ನಾ ನಾನು?”

ಅಷ್ಟರಲ್ಲಿ ಮಗಳು ಉಷಾರಾಣಿ ಕಣ್ಣುಜ್ಜುತ್ತ ಬಂದಳು. ತಾಯಿಯನ್ನು ಬಳಸಿಕೊಂಡು ಒಳಗೆ ಹೋಗಿ, ಎಣ್ಣೆ ಡಬ್ಬದ ಹಿಂದಿನಿಂದ ಲೈಟರ್ ತೆಗೆದು ಒಲೆ ಹಚ್ಚಿದಳು. “ಅಮ್ಮಾ, ನೀವು ಹೊರಗ ಕೂಡ್ರಿ. ಚಾ ತರ್ತೀನಿ,” ಎಂದಳು. ಅಜ್ಜಿಗೆ ಅವಳು ‘ನೀ’ ಅನ್ನುತ್ತಿದ್ದಳು. ತಾಯಿಗೆ ‘ನೀವು’. ಬಂದ ನೆಂಟರಿಗೆ ಅನ್ನುವ ಹಾಗೆ.

ರಾಯದುರ್ಗದ ಕೋಟೆ ಗುಡ್ಡದ ಬುಡದ ಓಣಿಯಲ್ಲಿ ಅವರ ಮನೆ. ವಿಜಯಲಕ್ಷ್ಮಿ ಹೋಗುವಾಗ ಅದಕ್ಕೆ ತಗಡಿನ ಮಾಡು ಇತ್ತು. ಈಗ ಸಿಮೆಂಟಿನ ತಾರಸಿ. ಅದು ಅವಳ ಸಂಬಳದ್ದು. ಗಂಡ ತಿಪ್ಪೇಶ ಮುಂದಿನ ಕೋಣೆಯಲ್ಲಿ ಎರಡು ಮಿಷನ್ ಹಾಕಿಕೊಂಡು ಜೀನ್ಸ್ ಹೊಲಿಯುತ್ತಿದ್ದ. ಮಾಲೀಕರ ಯುನಿಟ್ಟಿನಿಂದ ಕತ್ತರಿಸಿದ ಬಟ್ಟೆಯ ಕಟ್ಟು ಬರುತ್ತಿತ್ತು. ಇವನು ಸೊಂಟದ ಪಟ್ಟಿ ಕೂರಿಸಿ, ಬೆಲ್ಟಿನ ಲೂಪು ಹೊಡೆದು ವಾಪಸು ಕಳಿಸುತ್ತಿದ್ದ. ಅವನ ಬೆರಳ ತುದಿ ಸದಾ ನೀಲಿ. ಮನೆಯ ದೂಳೂ ನೀಲಿಯೇ.

ಹೋಗುವಾಗ ಅವಳು ಕೊರಳಿನ ಲಿಂಗವನ್ನು ಬಿಚ್ಚಿ ಅತ್ತೆಯ ಕೈಗೆ ಕೊಟ್ಟು ಹೋಗಿದ್ದಳು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡು ಬಿಸಾಡುತ್ತಾರೆ ಅಂತ ಏಜೆಂಟು ಹೇಳಿದ್ದ. ನಿಜವೋ ಸುಳ್ಳೋ ಯಾರಿಗೂ ಗೊತ್ತಿರಲಿಲ್ಲ. “ನಾ ಬರಾತನಕ ನೀವೇ ಪೂಜಿ ಮಾಡ್ರಿ” ಎಂದಿದ್ದಳು. “ನನ್ನ ಲಿಂಗದ ಜೋಡಿ ನಿಂದಕ್ಕೂ ನೀರು ಬೀಳ್ತೈತಿ, ಹೋಗು” ಎಂದಿದ್ದಳು ಗುರುಬಸಮ್ಮ. ಮಧ್ಯೆ ಒಂದು ಸಲ ರಜೆಗೆ ಬರಬೇಕಿತ್ತು. ಅಲ್ಲಿ ಕೆಲಸಕ್ಕಿದ್ದ ಮನೆಯ ಒಡತಿಗೆ ಹೆರಿಗೆ ಬಂತು, ರಜೆ ತಪ್ಪಿತು. ಅಲ್ಲಿ ಬೆಳಗ್ಗೆ ಎದ್ದು ಹಾಲು ಕಾಯಿಸುವಾಗ, ರಾಯದುರ್ಗದಲ್ಲಿ ಪೂಜೆ ಮುಗಿದಿರುತ್ತದೆ ಅಂದುಕೊಳ್ಳುತ್ತಿದ್ದಳು. ಅಂದುಕೊಂಡ ಮೇಲೆ ಕೋಳಿ ಕೊಯ್ಯಲು ಕೂರುತ್ತಿದ್ದಳು.

ಮೊದಲ ವಾರ ಓಣಿಯವರು ಬಂದು ಹೋದರು. ಎದುರುಮನೆಯ ಅಂಬಮ್ಮ ದಿನಾ ಬಂದಳು. ಅವಳದು ತೆಲುಗು ಬೆರೆತ ಮಾತು.

“ಅಕ್ಕಡ ಎಲಾ ಉಂಟುಂದಿ ವದಿನಾ? ಹೆಂಗೈತಿ ಅಲ್ಲಿ?”

“ನೀರಿಗೆ ಕೊರತಿ ಇಲ್ಲಮ್ಮ. ನಲ್ಲಿ ತಿರುವಿದ್ರ ಬಿಸಿನೀರು, ತಿರುವಿದ್ರ ತಣ್ಣೀರು. ಇಲ್ಲಿ ದಿನ ಬಿಟ್ಟು ದಿನ ಕೊಡ ಹಿಡ್ಕಂಡು ನಿಂದ್ರಬೇಕು.”

“ಮತ್ತ ಚಲೋ ಐತಲ್ಲ!”

ಸಂಜೆ ತಿಪ್ಪೇಶ ಅದನ್ನೇ ಕೇಳಿದಾಗ, “ಜೈಲು ಕಣ್ರಿ ಅದು. ಕಸ ಹಾಕಾಕ ಬಾಗ್ಲು ದಾಟಿದ್ರ ಅದೇ ಹೊರಗ ಹೋದಂಗ,” ಎಂದಳು.

“ಮಧ್ಯಾಹ್ನ ಅಂಬಮ್ಮಗ ಬ್ಯಾರೆ ಹೇಳ್ದಿ. ಯಾವುದು ಖರೆ?”

“ಎರಡೂ.”

“ಎರಡೂ ಅಂದ್ರ ನಾ ಏನು ತಿಳ್ಕಳ್ಲಿ?”

“ನಂಗೂ ತಿಳಿಯಂಗಿಲ್ಲ, ನೀವೇನು ತಿಳ್ಕಂತೀರಿ.”

ಕಕ್ಕಸು ತೊಳೆದಳು, ಬಟ್ಟೆ ಒಗೆದಳು, ನೀರು ತುಂಬಿದಳು. ಉಳಿದ ಹೊತ್ತು ತಿಪ್ಪೇಶನ ಪಕ್ಕ ಕುಳಿತು ಹೊಲಿದ ಪ್ಯಾಂಟುಗಳ ಉಳಿದ ದಾರ ಕತ್ತರಿಸಿದಳು. ಒಲೆಯೊಂದನ್ನು ಬಿಟ್ಟು ಎಲ್ಲ ಕೆಲಸ ಅವಳದಾಯಿತು. ಊಟಕ್ಕೆ ಎಲ್ಲರೂ ಕುಳಿತರೆ ಅವಳು ಕೂರುತ್ತಿರಲಿಲ್ಲ. ಎಲ್ಲರ ತಟ್ಟೆ ಎತ್ತಿದ ಮೇಲೆ, ತೊಳೆಯುವ ಕಲ್ಲಿನ ಹತ್ತಿರ ನಿಂತು ಗಬಗಬ ತಿಂದು ಮುಗಿಸುತ್ತಿದ್ದಳು.

“ಯಾಕ ನಿಂತು ಉಣ್ತಿ? ಕೆಲಸದಾಕಿ ಏನು ನೀನು?” ಗುರುಬಸಮ್ಮ ಬೈದಳು.

“ರೂಢಿ ಆಗೈತ್ರಿ.”

“ನೋಡಿದವ್ರು ಅತ್ತಿ ಕುಂದ್ರಸಂಗಿಲ್ಲ ಅಂತಾರ. ಕುಂದ್ರು.”

“ಒಲಿ ಮುಟ್ಟಬ್ಯಾಡ ಅಂತೀರಿ, ಉಣ್ಣಾಕ ಕುಂದ್ರು ಅಂತೀರಿ. ಅಲ್ಲಿ ಕುಂದ್ರಬ್ಯಾಡ ಅಂತಿದ್ರು, ಒಲಿ ಎಲ್ಲಾ ನಂದೇ ಆಗಿತ್ತು.”

ತಿಪ್ಪೇಶ ಮಜ್ಜಿಗೆ ಕೇಳಿದ. ಉಷಾರಾಣಿ ಕೊಟ್ಟಳು.

ಒಲೆ ನಂದೇ ಅನ್ನುವುದು ಸುಳ್ಳಾಗಿರಲಿಲ್ಲ. ಅಲ್ಲಿಯ ಅಡುಗೆಮನೆ ಇವರ ಇಡೀ ಮನೆಯಷ್ಟಿತ್ತು. ಒಡತಿ ಅದರೊಳಗೆ ಕಾಲಿಡುತ್ತಿದ್ದುದು ಅಪರೂಪ. ಯಾವ ಡಬ್ಬ ಎಲ್ಲಿ, ಯಾವ ಪಾತ್ರೆಯ ಮುಚ್ಚಳ ಎಲ್ಲಿ ಎಂದು ವಿಜಯಲಕ್ಷ್ಮಿಗೆ ಮಾತ್ರ ಗೊತ್ತಿತ್ತು. ಈಗ ಅಲ್ಲಿ ಬದಲಿಗೆ ಬಂದ ಹುಡುಗಿಗೆ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ಫೋನಿಗೆ ಒಡತಿಯ ದನಿಯ ಮೆಸೇಜು ಬರುತ್ತಿತ್ತು. ವಿಜಿ ಅನ್ನಲು ಅವಳಿಗೆ ನಾಲಿಗೆ ತಿರುಗುತ್ತಿರಲಿಲ್ಲ: “ಬೀಜೀ, ವೇನ್ ಹೇಲ್?”

“ಏನಂತೆ?” ಉಷಾರಾಣಿ ಕೇಳಿದಳು.

“ಏಲಕ್ಕಿ ಎಲ್ಲೈತಿ ಅಂತ. ಮಾಮಾ ಕೇಳಾಕತ್ತಾಳ.”

“ಮಾಮಾ ಅಂದ್ರ ಗಂಡಸಲ್ಲೇನು?” ಗುರುಬಸಮ್ಮ ಕಿವಿ ಇತ್ತ ಕೊಟ್ಟಳು.

“ಅಲ್ಲಿ ಯಜಮಾನಿಗೆ ಮಾಮಾ ಅಂತಾರ್ರಿ.”

“ಕಲಿಗಾಲ.”

ವಿಜಯಲಕ್ಷ್ಮಿ ಅರಬ್ಬಿಯಲ್ಲಿ ಎರಡು ಮಾತಾಡಿ ಉತ್ತರ ಕಳಿಸಿದಳು. ಬಾಗಿಲಿನ ಪಕ್ಕದ ಎರಡನೇ ಡ್ರಾಯರು, ಹಿಂದುಗಡೆ. ಕೇಳಿದ್ದಕ್ಕಷ್ಟೇ ಹೇಳಿದಳು. ಆಮೇಲೆ ಈ ಮನೆಯಲ್ಲಿ ತಲೆಗೆ ಹಾಕುವ ಎಣ್ಣೆ ಎಲ್ಲಿದೆ ಎಂದು ಮಗಳನ್ನು ಕೇಳಿದಳು.

ಅಯ್ಯನೋರು ಬರಲಿಲ್ಲ. ಮೊದಲ ವಾರ ಶ್ರೀಶೈಲಕ್ಕೆ ಹೋಗಿದ್ದಾರೆ ಅಂದಳು ಗುರುಬಸಮ್ಮ. ಎರಡನೇ ವಾರ ಅವರಿಗೆ ಮೊಣಕಾಲು ನೋವು ಅಂದಳು. ಮೂರನೇ ವಾರ, “ಶ್ರಾವಣ ಬಂತು, ಮನಿ ಮನಿ ಪೂಜಿ, ಅವರಿಗೆಲ್ಲಿ ಪುರುಸೊತ್ತು” ಅಂದಳು.

ತಿಪ್ಪೇಶ ಮಿಷನ್ನಿನ ಮೇಲೆ ಬಗ್ಗಿಕೊಂಡೇ ಹೆಂಡತಿಯನ್ನು ಕೇಳಿದ, “ನೀ ಇರ್ತೀಯೋ, ಹೋಗ್ತೀಯೋ?”

“ಇರಾಕ ಬಂದೀನಿ.”

“ಮತ್ತ ಹೋಗೋ ಟಿಕೇಟು ಐತಂದಿ.”

“ಮಾಮಾ ಎರಡೂ ಕಡೀದು ತೆಗ್ಸಿದ್ಲು. ದಸರಾಕ್ಕ ಐತಿ.”

“ಇರಾಕಿ ಇದ್ರ ಇನ್ನೊಂದು ಮಿಷನ್ ತಗಂತೀನಿ. ನೀ ಲೂಪು ಹೊಡಿವಂತಿ. ಹೋಗಾಕಿ ಇದ್ರ ಸುಮ್ನ ಯಾಕ ತಗಳ್ಳಿ? ಒಂದು ಹೇಳು.”

“ನಿಮಗೇನು ಬೇಕು?”

ತಿಪ್ಪೇಶ ಮಿಷನ್ ಓಡಿಸಿದ. ಒಂದು ಪಟ್ಟಿ ಮುಗಿದ ಮೇಲೆ, “ನೀ ಹೋದಾಗ ಮನಿ ನಡೀತು. ನೀ ಬಂದಾಗಿಂದ ಮನ್ಯಾಗ ಜಗಳ. ಆದ್ರ ಹೋಗು ಅಂತ ನನ್ನ ಬಾಯಾಗ ಬರಂಗಿಲ್ಲ,” ಎಂದ.

ಮರುದಿನ ವಿಜಯಲಕ್ಷ್ಮಿ ಪೇಟೆಗೆ ಹೋಗಿ ಒಂದು ಕರೆಂಟು ಒಲೆ ತಂದಳು. ಮುಂದಿನ ಕೋಣೆಯಲ್ಲಿ ಜೀನ್ಸಿನ ಕಟ್ಟುಗಳನ್ನು ಸರಿಸಿ, ಸ್ಟೂಲಿನ ಮೇಲೆ ಅದನ್ನಿಟ್ಟು, ಅಲ್ಲಿಂದ ತಂದಿದ್ದ ಒಣ ನಿಂಬೆ ಹಾಕಿ ತರಕಾರಿ ಅನ್ನ ಮಾಡಿದಳು. ಅರ್ಧ ಬೆಂದಾಗ ಫ್ಯೂಸ್ ಹೋಯಿತು. ತಿಪ್ಪೇಶನ ಮಿಷನ್ ಲೂಪಿನ ನಡುವೆ ನಿಂತಿತು.

ಗುರುಬಸಮ್ಮ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಒಂದು ಮನ್ಯಾಗ ಎರಡು ಒಲಿ! ಬ್ಯಾರಿ ಆಗಿ ಏನು? ನಾನಿನ್ನ ಸತ್ತಿಲ್ಲ.”

“ಬ್ಯಾರಿ ಯಾಕಾಗ್ಲಿ? ನಿಮ್ಮ ಒಲಿ ಮುಟ್ಟಿಲ್ಲ ನಾನು.”

“ಓಣ್ಯಾಗ ನಾಳಿ ಏನಂತಾರ? ಕುವೈತಿಂದ ಬಂದಾಕಿ ಅತ್ತೀನ ಬ್ಯಾರಿ ಇಟ್ಲು ಅಂತಾರ.”

“ಅನ್ನಾಕ ನಾಳಿ ತನಕ ಯಾಕ, ಅಂಬಮ್ಮ ಬಾಗಲಾಗೇ ನಿಂತಾಳ,” ಎಂದ ತಿಪ್ಪೇಶ. ಅಂಬಮ್ಮ ಇದ್ದಳು. “ಕರೆಂಟು ಹೋಯಿತೇನೋ ಅಂತ ಬಂದೆ” ಎಂದು ಒಳಗೆಲ್ಲ ಕಣ್ಣಾಡಿಸಿ ಹೋದಳು.

ಅಂದು ತಿಪ್ಪೇಶ ಅವ್ವನ ರೊಟ್ಟಿ, ಪುಂಡಿ ಪಲ್ಯ ತಿಂದ. ಆಮೇಲೆ ಫ್ಯೂಸ್ ಹಾಕಿ, ಹೆಂಡತಿಯ ಅನ್ನ ಬೆಂದ ಮೇಲೆ ಅದನ್ನೂ ತಿಂದ. ರಾತ್ರಿಯೂ ಹಾಗೆಯೇ ಮಾಡಿದ. ಎರಡು ದಿನ ಎರಡೆರಡು ಊಟ ಉಂಡು ಮೂರನೇ ದಿನ ಹೊಟ್ಟೆ ಹಿಡಿದುಕೊಂಡು ಮಲಗಿದ. ಉಷಾರಾಣಿ ಆ ಅನ್ನವನ್ನು ಒಂದು ತುತ್ತು ಬಾಯಿಗಿಟ್ಟು, “ಬಿರಿಯಾನಿನೂ ಅಲ್ಲ, ಚಿತ್ರಾನ್ನನೂ ಅಲ್ಲ,” ಎಂದಳು. ವಿಜಯಲಕ್ಷ್ಮಿ ಕರೆಂಟು ಒಲೆಯನ್ನು ಅದರ ರಟ್ಟಿನ ಪೆಟ್ಟಿಗೆಯಲ್ಲೇ ಹಾಕಿ ಮಂಚದ ಕೆಳಗೆ ತಳ್ಳಿದಳು.

ಕಾಲೇಜಿಗೆ ರಜೆ ಬಂದಾಗ ಮಗಳನ್ನು ಕರೆದುಕೊಂಡು ವಿಜಯಲಕ್ಷ್ಮಿ ತವರಿಗೆ ಹೊರಟಳು. ಮಡಕಶಿರಾ ಕಡೆಯ ಹೇಮಾವತಿ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಬೇಕು. ಕಂಡಕ್ಟರ್ ಆಧಾರ್ ಕೇಳಿದ. ನೋಡಿ ಸೊನ್ನೆ ರೂಪಾಯಿಯ ಟಿಕೇಟು ಹರಿದು ಕೊಟ್ಟ.

“ಹೆಣ್ಮಕ್ಳಿಗೆ ಫ್ರೀ ಈಗ. ಅಲ್ಲಿ ಐತೇನು ಹಿಂಗ?” ಉಷಾರಾಣಿ ಕೇಳಿದಳು.

“ಅಲ್ಲಿ ನಾ ಬಸ್ಸು ಹತ್ತೇ ಇಲ್ಲ.”

“ಆರು ವರ್ಷ?”

“ಕಾರಿನ ಹಿಂದಿನ ಸೀಟು. ಮಕ್ಕಳ ಜೋಡಿ.”

“ಕಾರಾಗ ಅಡ್ಡಾಡಿದ್ರಿ, ಮತ್ತ ಜೈಲು ಅಂತೀರಿ,” ಎಂದು ಮಗಳು ಕಿಟಕಿಯ ಕಡೆ ತಿರುಗಿದಳು.

ಹೇಮಾವತಿಯಲ್ಲಿ ತಾಯಿ ಅನ್ನದಾನಮ್ಮ, ತಮ್ಮ ಉಮಾಮಹೇಶ್ವರ ಇದ್ದರು. ತಮ್ಮ ರೇಷ್ಮೆ ಹುಳು ಸಾಕಿದ್ದ. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಬಿಟ್ಟು, ಹಸಿದಿದ್ದರಿಂದ ಅವನಿಗೆ ಸೊಪ್ಪು ಹಾಕುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಅನ್ನದಾನಮ್ಮ ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

“ಬೆಳ್ಳಗಾಗಿದ್ದೀಯ ಕಣೆ. ಬಿಸಿಲು ಕಂಡಿಲ್ವೇನೆ ಆ ಮರಳುಗಾಡಲ್ಲಿ? ಹೋಗು, ಮುದ್ದೆಗೆ ಎಸರಿಡು.”

ವಿಜಯಲಕ್ಷ್ಮಿ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು. “ನಾನು ಒಳಕ್ಕೆ ಹೋಗ್ಬೌದೇನಮ್ಮ?”

“ಯಾಕೆ, ಕಾಲಿಲ್ವೇನೆ?”

“ಅಲ್ಲಿ ಬಾಡು ಬೇಯ್ಸಿದೀನಿ. ಕೊಳ್ಳಲ್ಲಿ ಲಿಂಗ ಇಲ್ಲ. ನಮ್ಮತ್ತೆ ಮುಟ್ಟಬ್ಯಾಡ ಅಂತ ಅವ್ರೆ.”

“ಬೇಯ್ಸಿದ್ದು ಅವರ ಹೊಟ್ಟೆಗೆ ಹೋಯ್ತು, ನಿನಗೇನಾಯ್ತು? ಲಿಂಗ ಇಸ್ಕೊಂಡು ಕಟ್ಕಳಕ್ಕೆ ಆಗಲ್ವಾ? ಅದಕ್ಕೆ ಅಯ್ಯನೋರು ಯಾತಕ್ಕೆ? ನಿಮ್ಮತ್ತೇದು ಏನೋ ಐತೆ. ಹೋಗು, ಎಸರಿಡು.”

ಮುದ್ದೆ ಗಂಟುಗಂಟಾಯಿತು. ಉಮಾಮಹೇಶ್ವರ ತಿನ್ನುತ್ತ, “ಅಕ್ಕ, ಇದನ್ನ ಅಲ್ಲಿ ಮಾಡಿದ್ರೆ ಅವತ್ತೇ ವಾಪಸ್ ಕಳಿಸ್ತಿದ್ರು ಬಿಡು,” ಎಂದ. ಬಹಳ ದಿನದ ಮೇಲೆ ವಿಜಯಲಕ್ಷ್ಮಿ ಕುಳಿತು ಉಂಡಳು.

ಮರುದಿನ ಬೆಳಗ್ಗೆ ಉಷಾರಾಣಿ ತಲೆಗೆ ನೀರು ಹಾಕಿಕೊಂಡು ಬಂದು ಪಡಸಾಲೆಯಲ್ಲಿ ಪೂಜೆಗೆ ಕುಳಿತಳು. ರಾಯದುರ್ಗದಲ್ಲಿ ಅವಳು ದೇವರಮನೆಯ ಬಾಗಿಲು ಹಾಕಿಕೊಂಡು ಪೂಜೆ ಮಾಡುತ್ತಿದ್ದಳು. ಇಲ್ಲಿ ದೇವರಮನೆಯ ಮುಂದೆ ಸೊಪ್ಪಿನ ರಾಶಿ ಇತ್ತು. ಕೊರಳಿನಿಂದ ಬೆಳ್ಳಿಯ ಕರಡಿಗೆ ತೆಗೆದು, ಮುಚ್ಚಳ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಮುಚ್ಚಳ ಪಕ್ಕದಲ್ಲಿತ್ತು. ಅನ್ನದಾನಮ್ಮ ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು.

“ಇದು ನಾನು ಕೊಡ್ಸಿದ್ದಲ್ವಾ? ನಿಮ್ಮಮ್ಮನ ಮದುವೇಲಿ. ಇಲ್ನೋಡು, ಇಲ್ಲಿ ಸೊಟ್ಟ. ಒಳಕಲ್ ಮೇಲೆ ಬೀಳ್ಸಿದ್ಲು ಅವತ್ತೇ. ವಿಜೀ, ಬಾ ಇಲ್ಲಿ.”

ವಿಜಯಲಕ್ಷ್ಮಿ ಬಂದಳು. ಸೊಟ್ಟ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿದಳು.

“ಕರಡಿಗಿ ನಂದು. ಒಳಗಿಂದು?”

ಉಷಾರಾಣಿ ಅಂಗೈ ಮುಚ್ಚಿಕೊಂಡಳು. “ಅದೂ ನಿಮ್ಮದೇ,” ಎಂದಳು. “ಹೇಮಾವತಿಗೆ ಹೋದಾಗ ಒಳಗ ಕುಂತು ಮಾಡ್ಕ ಅಂದಿದ್ಲು ಅಜ್ಜಿ. ಮರ್ತೆ.”

“ನಿಂದೇನಾತು?”

“ಹೋತು.”

“ಎಲ್ಲಿ ಹೋತು?”

“ಭೈರವಾನಿತಿಪ್ಪ ಡ್ಯಾಮಿಗೆ ಸ್ಕೂಲಿಂದ ಕರ್ಕಂಡು ಹೋಗಿದ್ರು. ಒಂಬತ್ತನೇ ಕ್ಲಾಸಿನಾಗ. ದಾರ ಸವದಿತ್ತು, ಪಿನ್ನು ಹಾಕ್ಕಂಡಿದ್ದೆ. ನೀರಾಗ ಇಳ್ದಾಗ ಬಿತ್ತು. ಎಲ್ಲಾರೂ ಹುಡುಕಿದ್ವಿ, ಬರೇ ಕೆಸರು. ಮನಿಗೆ ಬಂದು ಹೇಳಿದ್ರ ಅಜ್ಜಿ ಅತ್ಲು. ಆಮ್ಯಾಲೆ ದೇವರಮನ್ಯಾಗ ನಿಮ್ಮದು ಇತ್ತಲ್ಲ, ಅದನ್ನ ತಂದು ನಂಗ ಕಟ್ಟಿದ್ಲು. ಯಾರಿಗೂ ಹೇಳಬ್ಯಾಡ ಅಂದ್ಲು.”

ಅನ್ನದಾನಮ್ಮ ಹಣೆ ಹಣೆ ಬಡಿದುಕೊಂಡಳು. “ಒಬ್ರದು ಇನ್ನೊಬ್ರಿಗೆ ಕಟ್ತಾರೇನೆ? ಹುಟ್ಟಿದಾಗ ಕಟ್ಟಿದ್ದು ಮಣ್ಣಿಗೆ ಹೋಗೋವಾಗ ಅಂಗೈಲಿ ಇಡ್ತಾರೆ. ಇದೇನು ಸೀರೆನಾ, ಅಮ್ಮಂದು ಮಗಳು ಉಡಕ್ಕೆ?”

“ಸುಮ್ನಿರಮ್ಮ,” ಎಂದಳು ವಿಜಯಲಕ್ಷ್ಮಿ. ಮಗಳಿಗೆ, “ಪೂಜಿ ಮುಗ್ಸು. ಅರ್ಧಕ್ಕ ಬಿಡಬ್ಯಾಡ,” ಎಂದಳು.

ವಾಪಸು ಬರುವಾಗ ಕಲ್ಯಾಣದುರ್ಗದಲ್ಲಿ ಇಳಿದರು. ಅಲ್ಲಿ ಬಸ್‌ಸ್ಟಾಂಡಿನಲ್ಲಿ ಬಜ್ಜಿ ತಿನ್ನುವಾಗ ವಿಜಯಲಕ್ಷ್ಮಿ ಕೇಳಿದಳು.

“ಪೂಜಿ ಮಾಡುವಾಗ ನನ್ನ ಹೆಸರು ಏನಾದ್ರು ಅಂತಿದ್ದೇನು?”

“ಅಜ್ಜಿ ಅನ್ನು ಅಂದಿದ್ಲು. ಮೊದಲ್ಮೊದಲು ಅಂದೆ. ಆಮ್ಯಾಲೆ ಕಾಲೇಜಿಗೆ ಹೊತ್ತಾಗ್ತಿತ್ತು.”

“ದಿನಾ ನೀರು ಹಾಕಿದ್ಯಲ್ಲ?”

“ಹಾಕಿದೆ. ತಪ್ಪಿಸಿಲ್ಲ. ತಪ್ಪಿಸಿದ್ರ ಅಜ್ಜಿ ರೊಟ್ಟಿ ಕೊಡ್ತಿದ್ದಿಲ್ಲ.” ಉಷಾರಾಣಿ ಎಣ್ಣೆಯ ಕೈಯನ್ನು ಕಾಗದಕ್ಕೆ ಒರೆಸಿದಳು. “ಇದು ನಿಮ್ಮದೋ ನಂದೋ ನಂಗ ಗೊತ್ತಿಲ್ಲ. ಆದ್ರ ಬಿಚ್ಚಿಕೊಡು ಅಂದ್ರ ನಾ ಕೊಡಾದಿಲ್ಲ. ಮೊದ್ಲೇ ಹೇಳ್ತೀನಿ.”

ಮನೆ ಮುಟ್ಟಿದಾಗ ಗುರುಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ವಿಜಯಲಕ್ಷ್ಮಿ ಚೀಲ ಇಳಿಸದೆ ಬಾಗಿಲಲ್ಲಿ ನಿಂತು, “ಅತ್ತೀ, ಅಯ್ಯನೋರು ಬ್ಯಾಡ್ರಿ. ನನ್ನ ಲಿಂಗ ಕೊಡ್ರಿ,” ಎಂದಳು.

ಗುರುಬಸಮ್ಮ ಸೊಸೆಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ರೊಟ್ಟಿಯನ್ನು ಹೆಂಚಿಗೆ ಹಾಕಿದಳು. “ಹೇಳಿದಳೇನು?”

“ನಮ್ಮಮ್ಮ ಕಂಡುಹಿಡಿದ್ಲು.”

“ಹಾಂ. ಕೊಡ್ಸಿದಾಕಿ ಗುರುತು ಹಿಡೀದಿರ್ತಾಳೇನು?”

“ಅಯ್ಯನೋರು ಶ್ರೀಶೈಲ, ಅಯ್ಯನೋರ ಮೊಣಕಾಲು, ಅಯ್ಯನೋರಿಗೆ ಶ್ರಾವಣ. ಒಂದರ ಫೋನು ಮಾಡಿದ್ರೇನು ಅವರಿಗೆ?”

“ಇಲ್ಲ.”

ಮಿಷನ್ ನಿಂತಿತು. ತಿಪ್ಪೇಶ ಎದ್ದು ಬಂದ. “ಏನವ್ವಾ ಇದು?”

“ಏನಂದ್ರ? ಹುಡಿಗಿ ಬರೇ ಕೊಳ್ಳಾಗ ಮನಿಗೆ ಬಂದ್ಲು. ಅಯ್ಯನೋರಿಗೆ ಹೇಳಿದ್ರ ಕಳಕಂಡ್ಲು ಅಂತ ಊರಿಗೆಲ್ಲ ಗೊತ್ತಾಗ್ತೈತಿ. ನಾಳಿ ಸಂಬಂಧ ಕೇಳಾಕ ಬಂದವ್ರು ಅದನ್ನೇ ಎತ್ತಿ ಆಡ್ತಾರ. ತಾಯಿ ಇರ್ಲಿಲ್ಲ, ತಂದಿ ಮಿಷನ್ ಬಿಟ್ಟು ತಲಿ ಎತ್ತಂಗಿಲ್ಲ. ನಾ ಯಾರನ್ನ ಕೇಳ್ಬೇಕಿತ್ತು? ತಾಯಿದೇ ಐತಲ್ಲ, ಯಾರದೋ ಅಲ್ಲ ಅಂತ ಕಟ್ಟಿದೆ.” ರೊಟ್ಟಿ ಸುಟ್ಟ ವಾಸನೆ ಬಂತು. ಅವಳು ಅದನ್ನು ಬರಿಗೈಯಿಂದ ತಿರುವಿ ಹಾಕಿದಳು. “ಈಗ ನೀ ಬಂದಿ. ನಿಂದು ನಿನಗ ಕೊಟ್ರ ಇಕಿ ಕೊಳ್ಳು ಬರೇ. ಇಕೀದು ಇಕಿಗೆ ಬಿಟ್ರ ನಿನ್ನ ಕೊಳ್ಳು ಬರೇ. ದಸರಾ ತನಕ ಹೆಂಗರ ತಳ್ಳಿದ್ರ ನೀ ಹೋಗ್ತಿ, ಮತ್ತ ಕೇಳಾದಿಲ್ಲ ಅಂದ್ಕಂಡೆ.”

“ನಾ ಇರಾಕ ಬಂದೀನಿ ಅಂತ ಹೇಳಿದ್ನಲ್ಲ.”

“ಹೇಳ್ದಿ. ಇರಾಕಿ ಫೋನಿನಾಗ ಆ ಮನಿ ಏಲಕ್ಕಿ ಎಲ್ಲೈತಿ ಅಂತ ದಿನಾ ಹೇಳ್ತಾಳೇನು?”

ವಿಜಯಲಕ್ಷ್ಮಿ ಚೀಲದಿಂದ ತವರಿನ ಅವರೆಬೇಳೆ ತೆಗೆದು ಹೊಸ್ತಿಲ ಮೇಲಿಟ್ಟಳು. ಅದನ್ನು ಒಳಗೆ ಎಲ್ಲಿಡಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ. ಒಳಗೆ ಹೋಗುವಂತೆಯೂ ಇರಲಿಲ್ಲ.

ಅತ್ತೆ ಸೊಸೆ ಒಂದು ವಾರ ಮಾತು ಬಿಟ್ಟರು. ಏನಾದರೂ ಬೇಕಾದರೆ ಉಷಾರಾಣಿಯ ಮೂಲಕ ಹೇಳಿ ಕಳಿಸಿದರು. ಅವಳು ಪರೀಕ್ಷೆ ಇದೆ ಎಂದು ರೇಗಿದಳು. ಕೊನೆಗೆ ಸೋಮವಾರ ತಿಪ್ಪೇಶ ಕೆಲಸ ನಿಲ್ಲಿಸಿ, ಸ್ಕೂಟರು ತೆಗೆದುಕೊಂಡು ಹೋಗಿ ಅಯ್ಯನೋರನ್ನು ಹಿಂದೆ ಕೂರಿಸಿಕೊಂಡು ಬಂದ. ವಯಸ್ಸಾದ ಮನುಷ್ಯ. ಶ್ರೀಶೈಲಕ್ಕೂ ಹೋಗಿರಲಿಲ್ಲ, ಮೊಣಕಾಲೂ ನೆಟ್ಟಗಿತ್ತು. ಚಾಪೆಯ ಮೇಲೆ ಕುಳಿತು ಎಲ್ಲ ಕೇಳಿದರು. ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದರು.

“ಒಬ್ರದು ಒಬ್ರಿಗೆ ಕಟ್ಟಂಗಿಲ್ಲ ಅಂತ ಗೊತ್ತಿತ್ತಲ್ಲ ಗುರುಬಸಮ್ಮ?”

“ಗೊತ್ತಿತ್ರಿ.”

“ಮತ್ತ?”

“ಗೊತ್ತಿದ್ದೇ ಮಾಡಿದೆ ನೋಡ್ರಿ.”

ಅಯ್ಯನೋರು ಜೋಳಿಗೆಯಿಂದ ಒಂದು ಸಣ್ಣ ಪೊಟ್ಟಣ ತೆಗೆದರು. “ಹೊಸಾದು ಒಂದೇ ತಂದೀನಿ. ಒಬ್ರು ಕಳಕಂಡಾರ ಅಂತ ಹೇಳಿದ್ದ ತಿಪ್ಪೇಶ. ಯಾರಿಗೆ ಕಟ್ಲಿ?”

ಉಷಾರಾಣಿ ಕೊರಳಿಗೆ ಕೈ ಒಯ್ದಳು. “ಅಮ್ಮ ದಸರಾಕ್ಕ ಹೋಗ್ತಾರ. ಹೋಗುವಾಗ ಮತ್ತ ಬಿಚ್ಚಿಡ್ತಾರ. ಬಿಚ್ಚಿಡಾಕ ನನ್ನದ್ಯಾಕ ಬೇಕು?”

“ಅದು ಖರೆ,” ಎಂದರು ಅಯ್ಯನೋರು. “ನೋಡಮ್ಮ ವಿಜಯಲಕ್ಷ್ಮಿ, ಇಷ್ಟು ದಿನದ್ದು ಆತು ಹೋತು. ಈಗ ಕಟ್ಟಿದ ಮ್ಯಾಲೆ ಬಿಚ್ಚಂಗಿಲ್ಲ, ಬಾಡು ಬೇಯ್ಸಂಗಿಲ್ಲ. ಹೋಗಾಕಿ ಇದ್ರ ಕಟ್ಟಿಸ್ಕಬ್ಯಾಡ. ಬಂದ ಮ್ಯಾಲೆ ನೋಡಾನ.”

ಎಲ್ಲರೂ ಅವಳನ್ನು ನೋಡಿದರು. ತಿಪ್ಪೇಶ ಉಗುರಿನ ನೀಲಿಯನ್ನು ಕೆರೆಯುತ್ತ, “ಹೇಳು,” ಎಂದ.

ವಿಜಯಲಕ್ಷ್ಮಿ ಅವನನ್ನೂ ನೋಡಲಿಲ್ಲ, ಅಯ್ಯನೋರನ್ನೂ ನೋಡಲಿಲ್ಲ. “ಅತ್ತೀ, ನಾ ಇದ್ರ ಒಲಿ ಯಾರದ್ರಿ?” ಎಂದು ಕೇಳಿದಳು.

ಗುರುಬಸಮ್ಮ ಸೆರಗು ಸರಿಮಾಡಿಕೊಂಡಳು. “ಇಬ್ರದೂ.”

“ಇಬ್ರದೂ ಅಂದ್ರ ಹೆಂಗ? ಮುಂಜಾನಿ ಯಾರು ಹಚ್ಚಬೇಕು?”

“ಪೂಜಿ ಬಿಟ್ಟು ಇದೇನು ಪಂಚಾಯ್ತಿ?” ಎಂದ ತಿಪ್ಪೇಶ.

“ನೀ ಸುಮ್ನಿರೋ,” ಎಂದಳು ಗುರುಬಸಮ್ಮ. “ಆಕಿ ಕೇಳಾದು ಸರಿ ಐತಿ.” ಸೊಸೆಯ ಕಡೆ ತಿರುಗಿದಳು. “ಮುಂಜಾನಿ ನಂದು. ರೊಟ್ಟಿ ನಾನೇ ಬಡಿಬೇಕು, ನಿನ್ನ ಕೈಲೆ ಆಗಂಗಿಲ್ಲ. ಸಂಜಿಕಿ ನಿಂದು.”

“ಸಂಜಿಕಿ ನಾ ಏನು ಮಾಡಿದ್ರೂ ಉಣ್ಣಬೇಕು.”

“ಆ ಒಣ ನಿಂಬಿಕಾಯಿ ಬ್ಯಾಡ.”

“ಆತು. ಬ್ಯಾಡ.”

“ಮತ್ತ ಕುಂತು ಉಣ್ಣಬೇಕು.”

“ಆತು.” ವಿಜಯಲಕ್ಷ್ಮಿ ಅಯ್ಯನೋರ ಕಡೆ ತಿರುಗಿದಳು. “ಇಕೀದು ಇಕಿ ಕೊಳ್ಳಾಗೇ ಇರ್ಲಿ. ಹೊಸಾದು ನಂಗ ಕಟ್ರಿ.”

ಅವಳು ಜಳಕ ಮಾಡಿ ಬಂದಳು. ಅಯ್ಯನೋರು ವಿಭೂತಿ ಹಚ್ಚಿ, ಮಂತ್ರ ಹೇಳಿ, ಹೊಸ ಲಿಂಗವನ್ನು ಅವಳ ಅಂಗೈಯಲ್ಲಿಟ್ಟು, ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಸಿದರು. ಕರಡಿಗೆ ಆಮೇಲೆ ಮಾಡಿಸಿದರಾಯಿತು ಎಂದರು. ದಾರ ಹೊಸದು, ಕತ್ತಿಗೆ ಚುಚ್ಚುತ್ತಿತ್ತು. ಉಷಾರಾಣಿ ತನ್ನ ಬೆಳ್ಳಿಯ ಕರಡಿಗೆಯನ್ನು ಕುಪ್ಪಸದೊಳಗೆ ಸೇರಿಸಿಕೊಂಡು ಕಾಲೇಜಿಗೆ ಹೊರಟಳು. ಹೋಗುವಾಗ, “ದಾರಕ್ಕ ಸ್ವಲ್ಪ ಎಣ್ಣಿ ಹಚ್ಚಿದ್ರ ಮೆತ್ತಗಾಗ್ತೈತಿ,” ಎಂದು ಹೇಳಿದಳು.

ಸಂಜೆ ಗುರುಬಸಮ್ಮ ತಾನಾಗಿಯೇ ಮುಂದಿನ ಕೋಣೆಗೆ ಹೋಗಿ, ಸೊಸೆ ದಿನಾ ಕೂರುತ್ತಿದ್ದ ಜಾಗದಲ್ಲಿ ಕುಳಿತು, ಕತ್ತರಿ ತೆಗೆದುಕೊಂಡು ಪ್ಯಾಂಟಿನ ದಾರ ಕತ್ತರಿಸತೊಡಗಿದಳು. ವಿಜಯಲಕ್ಷ್ಮಿ ಎಣ್ಣೆ ಡಬ್ಬದ ಹಿಂದಿನಿಂದ ಲೈಟರ್ ತೆಗೆದು ಒಲೆ ಹಚ್ಚಿದಳು. ಅನ್ನ ಇಟ್ಟಳು, ಬೇಳೆ ಬೇಯಿಸಿದಳು. ಒಗ್ಗರಣೆಗೆ ಬಾಣಲೆ ಇಟ್ಟು ಎಣ್ಣೆ ಹಾಕಿದಾಗ ಫೋನು ಸದ್ದು ಮಾಡಿತು. ಮಾಮಾ ಈ ಸಲ ದೊಡ್ಡ ಪಾತ್ರೆಯ ಮುಚ್ಚಳ ಕೇಳಿದ್ದಳು. ಆಮೇಲೆ, ಯಾವಾಗ ಬರುತ್ತೀ ಎಂದೂ ಕೇಳಿದ್ದಳು.

ವಿಜಯಲಕ್ಷ್ಮಿ ಒಲೆ ಸಣ್ಣ ಮಾಡಿ ಫೋನನ್ನು ಬಾಯಿಯ ಹತ್ತಿರ ಹಿಡಿದಳು. ಮುಚ್ಚಳ ಎಲ್ಲಿದೆ ಎಂದು ಹೇಳಿದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೇಸರಿ ಎಲ್ಲಿ, ಕೂಸಿನ ಹಾಲಿನ ಪುಡಿ ಎಲ್ಲಿ, ಹಬ್ಬದ ತಟ್ಟೆಗಳು ಯಾವ ಕಪಾಟಿನ ಮೇಲೆ, ಮಿಕ್ಸಿಯ ಸಣ್ಣ ಬ್ಲೇಡು ಯಾವ ಡಬ್ಬಿಯಲ್ಲಿ, ಗ್ಯಾಸಿನ ಯಾವ ಗುಂಡಿ ಒತ್ತಿ ಹಿಡಿದರೆ ಹತ್ತುತ್ತದೆ, ಎಲ್ಲ ಹೇಳಿದಳು. ಅರಬ್ಬಿ ಸಿಗದ ಕಡೆ ಇಂಗ್ಲಿಷು, ಅದೂ ಸಿಗದ ಕಡೆ ಕನ್ನಡ ಸೇರಿಸಿದಳು. ಬಾಗಿಲಿನಿಂದ ಶುರು ಮಾಡಿ ಕಿಟಕಿಯವರೆಗೆ ಆ ಅಡುಗೆಮನೆಯಲ್ಲಿ ಏನನ್ನೂ ಬಿಡಲಿಲ್ಲ. ಹೊಸ ಹುಡುಗಿಗೆ ಇದನ್ನು ಕೇಳಿಸು ಎಂದು ಹೇಳಿ ಕಳಿಸಿದಳು. ಯಾವಾಗ ಬರುತ್ತೀ ಎಂಬುದನ್ನು ಹಾಗೇ ಬಿಟ್ಟು ಫೋನನ್ನು ಕೆಳಗಿಟ್ಟಳು.

ತಿರುಗಿ ನೋಡಿದರೆ ಬಾಣಲೆಯಿಂದ ಹೊಗೆ ಏಳುತ್ತಿತ್ತು. ಕಪಾಟು ತೆರೆದಳು. ಒಂದು ಡಬ್ಬಿಯಲ್ಲಿ ಅರಿಸಿನ, ಇನ್ನೊಂದರಲ್ಲಿ ಮಿಷನ್ನಿನ ಸೂಜಿ.

“ಅತ್ತೀ, ಸಾಸಿವಿ ಎಲ್ಲೈತ್ರಿ?”

ಮುಂದಿನ ಕೋಣೆಯಲ್ಲಿ ಕತ್ತರಿಯ ಸದ್ದು ನಿಂತಿತು.

“ಹುಡುಕು,” ಎಂದಳು ಗುರುಬಸಮ್ಮ. “ಅಲ್ಲೇ ಎಲ್ಲೋ ಐತಿ.”